ಟೆಲಿವಿಷನ್ನಿನ ಹಳೆಯ ವಾಲ್ವುಗಳಿಂದ ಆಂಪ್ಲಿಫೈಯರು

ತುಮಕೂರು ಜಿಲ್ಲೆಯ ಬಡಗಣ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮೈಕ್ ಸೆಟ್ಟಿಲ್ಲದೆ ಜಾತ್ರೆಯಿಲ್ಲ, ನಾಟಕವಿಲ್ಲ, ಮದುವೆಯೂ ಇಲ್ಲವೆಂದರೆ ಅದು ಅತಿಶಯೋಕ್ತಿಯಾಗದು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿರಲಿ, ಪಾವಗಡದ ಶನೈಶ್ಚರನ ಉತ್ಸವವಿರಲಿ, ಜನಸಂದಣಿಯ ಮೇಲೆ ತೇಲಿ ಬರುವ ಧ್ವನಿಯನ್ನು ದೊಡ್ಡದು ಮಾಡುವ ಯಂತ್ರ ಆಂಪ್ಲಿಫೈಯರು. ಇಂದು ಈ ಯಂತ್ರದ ಒಳಗಿರುವುದು ಉಗುರಿನಗಲದ ಸಿಲಿಕಾನ್ ಬಿಲ್ಲೆಗಳು. ಒಂದು ಕಾಲಕ್ಕೆ ಅದೇ ಸ್ಥಳದಲ್ಲಿ ಗಾಜಿನ ನಳಿಕೆಗಳು ಕೆಂಡದ ಬಣ್ಣದಲ್ಲಿ ಬೆಳಗುತ್ತಿದ್ದವು. ಅವನ್ನು ನಿರ್ವಾತ ನಳಿಕೆಗಳೆಂದು ಪುಸ್ತಕಗಳು ಕರೆದರೆ, ವಾಲ್ವುಗಳೆಂದು ರಿಪೇರಿ ಅಂಗಡಿಗಳು ಕರೆದವು. ನಾವೂ ವಾಲ್ವುಗಳೆಂದೇ ಕರೆಯೋಣ.

ವಾಲ್ವುಗಳಿಂದ ಆಂಪ್ಲಿಫೈಯರನ್ನು ತಾವೇ ಕಟ್ಟಬೇಕೆಂಬ ಹಂಬಲ ಇಂದಿಗೂ ಹಲವರಲ್ಲಿದೆ. ಆದರೆ ಸಂಗೀತಕ್ಕೆಂದು ಹೆಸರಾದ ವಾಲ್ವುಗಳು ದುಬಾರಿ. ರಷ್ಯ, ಸ್ಲೊವಾಕಿಯ, ಚೀನ ದೇಶಗಳಲ್ಲಿ ಇನ್ನೂ ತಯಾರಾಗುತ್ತಿರುವ ಅವುಗಳಿಗೆ ಲೋಕವೆಲ್ಲ ಗಿರಾಕಿ. ಅತ್ತ ಹಳೆಯ ಟೆಲಿವಿಷನ್ ಸೆಟ್ಟುಗಳಿಂದ ಕಿತ್ತ ವಾಲ್ವುಗಳನ್ನು ಕೇಳುವವರು ಕಡಿಮೆ. ಗುಜರಿ ಅಂಗಡಿಯ ಡಬ್ಬಿಗಳಲ್ಲಿ, ಮುಚ್ಚಿಹೋದ ರಿಪೇರಿ ಅಂಗಡಿಗಳ ಅಟ್ಟದ ಮೇಲೆ, ಬೆಂಗಳೂರಿನ ಸರ್ದಾರ್ ಪತ್ರಪ್ಪ ರಸ್ತೆಯಂಥ ಪೇಟೆಗಳಲ್ಲಿ ಅವು ಸಿಕ್ಕಿದರೂ ಸಿಕ್ಕಬಹುದು. ಹಾಗಾದರೆ ಟೆಲಿವಿಷನ್ನಿನ ವಾಲ್ವು ಹಾಡನ್ನು ದೊಡ್ಡದು ಮಾಡಬಲ್ಲುದೆ? ಬಲ್ಲುದು. ಅದಕ್ಕೂ ರೇಡಿಯೋ ವಾಲ್ವಿಗೂ ಇರುವ ಭೇದ ಬಹುಮಟ್ಟಿಗೆ ಒಳಗಿನ ಕಾಯಿಸುವ ತಂತಿಯೊಂದರಲ್ಲಿದೆ. ಈ ಭೇದವನ್ನು ಅರಿತವನಿಗೆ ಅಗ್ಗದ ವಾಲ್ವು ಉಪಯುಕ್ತ. ಅರಿಯದವನಿಗೆ ಅದೇ ಭೇದ ಪ್ರಾಣಾಪಾಯಕ್ಕೂ ದಾರಿಯಾಗಬಹುದು. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿಗೆ ಬಂದ ಬಗೆ

ವಾಲ್ವು ಕನ್ನಡ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ‘ಆಕಾಶವಾಣಿ’ ಕೇವಲ 30 ವಾಟ್ ಸಾಮರ್ಥ್ಯದ ಪ್ರೇಷಕವನ್ನು ನೆಚ್ಚಿಕೊಂಡಿತ್ತು. ಅದು ಕೆಲಸ ಮಾಡಿದ್ದು ವಾಲ್ವುಗಳಿಂದಲೇ. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾಯಿತು. ತುಮಕೂರಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿಗೆ ಸಮೀಪದ ಈ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಮರುವರ್ಷ, ಅಂದರೆ 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಮ್ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವೂ ಅದನ್ನು ಮೂಲೆಗೊತ್ತಲಿದ್ದ ಪ್ರತಿಸ್ಪರ್ಧಿಯೂ ಹೀಗೆ ಒಂದೇ ಸಂಸ್ಥೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದವು.

ಟೆಲಿವಿಷನ್ ನಮ್ಮಲ್ಲಿಗೆ ಬಂದದ್ದು ಇನ್ನೂ ತಡವಾಗಿ. ದೆಹಲಿಯಲ್ಲಿ 1959ರಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದರೂ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಷ್ಟು ಹೊತ್ತಿಗೆ ವಾಲ್ವಿನ ಕಾಲ ಮುಗಿಯುತ್ತ ಬಂದಿತ್ತು. ಆದರೂ 1970ರ ದಶಕದಲ್ಲಿ ನಮ್ಮ ದೇಶದಲ್ಲಿ ತಯಾರಾದ ಕಪ್ಪು ಬಿಳುಪಿನ ಸೆಟ್ಟುಗಳಲ್ಲಿ ಹಲವು ಮಿಶ್ರಜಾತಿಯವು: ಸಣ್ಣ ಕೆಲಸಗಳಿಗೆ ಟ್ರಾನ್ಸಿಸ್ಟರುಗಳು, ಹೆಚ್ಚು ಶಕ್ತಿ ಬೇಕಾದ ಕಡೆಗಳಲ್ಲಿ ವಾಲ್ವುಗಳು. ಇಂದು ಕೈಗೆ ಸಿಕ್ಕುವ ಟೆಲಿವಿಷನ್ ವಾಲ್ವುಗಳಲ್ಲಿ ಶಕ್ತಿವಾಲ್ವುಗಳು ಹೆಚ್ಚಾಗಿರಲು ಇದೂ ಒಂದು ಕಾರಣ. ಆಂಪ್ಲಿಫೈಯರ್ ಕಟ್ಟುವವನಿಗೆ ಬೇಕಾದವೂ ಅವೇ.

ನಳಿಕೆಯ ಒಳಗೆ ನಡೆಯುವುದೇನು?

ಗಾಳಿಯನ್ನು ಹೊರಗೆಳೆದು ಮುಚ್ಚಿದ ಗಾಜಿನ ನಳಿಕೆಯ ನಡುವೆ ಒಂದು ತೆಳು ಲೋಹದ ಕೊಳವೆಯಿದೆ. ಇದೇ ಕ್ಯಾಥೋಡು. ಇದರ ಮೈಗೆ ಬೇರಿಯಮ್ ಮುಂತಾದ ಧಾತುಗಳ ಆಕ್ಸೈಡನ್ನು ಬಳಿದಿರುತ್ತಾರೆ. ಇದರೊಳಗೆ ಕಾಯಿಸುವ ತಂತಿ, ಅಂದರೆ ಫಿಲಮೆಂಟು, ಇರುತ್ತದೆ. ಕ್ಯಾಥೋಡು ಕೆಂಪಗೆ ಕಾದಾಗ ಕುದಿಯುವ ನೀರಿನಿಂದ ಆವಿ ಏಳುವಂತೆ ಅದರ ಮೈಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಸುತ್ತಲೂ ಇರುವ ಪ್ಲೇಟಿಗೆ ನೂರಾರು ವೋಲ್ಟಿನ ಧನವಿದ್ಯುತ್ತನ್ನು ಕೊಟ್ಟರೆ ಈ ಎಲೆಕ್ಟ್ರಾನುಗಳು ಅತ್ತ ಧಾವಿಸುತ್ತವೆ, ಪ್ರವಾಹ ಹರಿಯುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮಾಡಿದ ವಾಲ್ವು ಇಷ್ಟೇ.

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ತಂತಿಯ ಜಾಲಕವೊಂದನ್ನು ಇಟ್ಟನು. ಕಾಲುವೆಗೆ ತೂಬು ಹೇಗೋ ಎಲೆಕ್ಟ್ರಾನುಗಳ ಹೊನಲಿಗೆ ಈ ಜಾಲಕ ಹಾಗೆ. ಕೆರೆಯ ತೂಬನ್ನು ಎತ್ತಿ ಇಳಿಸಲು ಒಬ್ಬ ನೀರುಗಂಟಿಯ ತೋಳ್ಬಲ ಸಾಕು. ಆದರೆ ಅದರಿಂದ ಹತೋಟಿಗೆ ಬರುವ ನೀರು ಅಪಾರ. ಅಂತೆಯೇ ಜಾಲಕಕ್ಕೆ ಕೊಟ್ಟ ಅಲ್ಪ ವೋಲ್ಟೇಜಿನ ಏರಿಳಿತ ಪ್ಲೇಟಿನ ದೊಡ್ಡ ಪ್ರವಾಹವನ್ನು ಅದೇ ಲಯದಲ್ಲಿ ಏರಿಳಿಸುತ್ತದೆ. ಸಣ್ಣ ಧ್ವನಿ ದೊಡ್ಡದಾಗುವ ಗುಟ್ಟು ಇದೇ. ಮೂರು ಅಂಗಗಳ ಈ ವಾಲ್ವು ಟ್ರಯೋಡ್. ಮುಂದೆ ಇನ್ನೆರಡು ಜಾಲಕಗಳನ್ನು ಸೇರಿಸಿ ಐದು ಅಂಗಗಳ ಪೆಂಟೋಡನ್ನು 1926ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಟೆಲೆಗೆನ್ ರೂಪಿಸಿದನು. ಹೆಚ್ಚು ಶಕ್ತಿ ಬೇಕಾದಲ್ಲಿ ಪೆಂಟೋಡ್ ಮೇಲು.

ಮೇಲೆ ಹೇಳಿದ ಕೆಲಸದಲ್ಲಿ ಟೆಲಿವಿಷನ್ನಿಗೆಂದು ವಿಶೇಷವಾದುದು ಯಾವುದೂ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಪರದೆಯ ಮೇಲೆ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಎಳೆಯುವ ಪೆಂಟೋಡೂ ಸ್ಪೀಕರನ್ನು ನಡೆಸುವ ಪೆಂಟೋಡೂ ಒಂದೇ ಆಗಿರಬಹುದು. ವಾಲ್ವಿಗೆ ತಾನು ಮಾಡುತ್ತಿರುವುದು ಚಿತ್ರದ ಕೆಲಸವೋ ಹಾಡಿನ ಕೆಲಸವೋ ತಿಳಿಯದು.

ಹೆಸರನ್ನು ಓದುವ ಬಗೆ

ಹಾಗಾದರೆ ಭೇದವೆಲ್ಲಿ? ಅದು ವಾಲ್ವಿನ ಹೆಸರಿನಲ್ಲೇ ಇದೆ. ಯುರೋಪಿನ ತಯಾರಕರು ಅನುಸರಿಸಿದ, ನಮ್ಮ ದೇಶದಲ್ಲೂ ಬಳಕೆಗೆ ಬಂದ ಸಂಕೇತ ಪದ್ಧತಿಯಲ್ಲಿ ಮೊದಲ ಅಕ್ಷರ ಫಿಲಮೆಂಟನ್ನು ಸೂಚಿಸುತ್ತದೆ. ‘ಇ’ ಎಂದಿದ್ದರೆ ಅದಕ್ಕೆ 6.3 ವೋಲ್ಟು ಬೇಕು. ‘ಪಿ’ ಎಂದಿದ್ದರೆ 300 ಮಿಲಿಆಂಪಿಯರ್, ‘ಯು’ ಎಂದಿದ್ದರೆ 100 ಮಿಲಿಆಂಪಿಯರ್ ಪ್ರವಾಹ ಬೇಕು. ಮುಂದಿನ ಅಕ್ಷರಗಳು ಒಳಗಿನ ಭಾಗಗಳನ್ನು ತಿಳಿಸುತ್ತವೆ: ‘ಸಿ’ ಎಂದರೆ ಸಣ್ಣ ಟ್ರಯೋಡ್, ‘ಎಫ್’ ಎಂದರೆ ಸಣ್ಣ ಪೆಂಟೋಡ್, ‘ಎಲ್’ ಎಂದರೆ ಶಕ್ತಿಯ ಪೆಂಟೋಡ್, ‘ವೈ’ ಎಂದರೆ ಒಂದೇ ದಿಕ್ಕಿಗೆ ಪ್ರವಾಹ ಬಿಡುವ ಡಯೋಡ್. ಕೊನೆಯ ಅಂಕೆ ಆಕಾರವನ್ನೂ ಕ್ರಮಸಂಖ್ಯೆಯನ್ನೂ ಸೂಚಿಸುತ್ತದೆ.

‘ಪಿಸಿಎಲ್ 82’ ಎಂಬ ಹೆಸರನ್ನು ಈಗ ಓದೋಣ. 300 ಮಿಲಿಆಂಪಿಯರ್ ಫಿಲಮೆಂಟಿನ, ಒಂದು ಟ್ರಯೋಡೂ ಒಂದು ಶಕ್ತಿ ಪೆಂಟೋಡೂ ಒಂದೇ ಗಾಜಿನಲ್ಲಿರುವ ವಾಲ್ವು ಎಂದು ಅರ್ಥವಾಯಿತು. ಇದಕ್ಕೆ ‘ಇಸಿಎಲ್ 82’ ಎಂಬ ಅವಳಿ ಸೋದರನಿದ್ದಾನೆ. ರೇಡಿಯೋ ಮತ್ತು ಗ್ರಾಮಫೋನು ಯಂತ್ರಗಳಲ್ಲಿ ಹೆಸರಾದವನು ಅವನು. ಇಬ್ಬರ ಒಳಾಂಗವೂ ಒಂದೇ. ಒಬ್ಬನ ಫಿಲಮೆಂಟಿಗೆ 6.3 ವೋಲ್ಟಿನಲ್ಲಿ 780 ಮಿಲಿಆಂಪಿಯರ್ ಬೇಕು. ಇನ್ನೊಬ್ಬನಿಗೆ 16 ವೋಲ್ಟಿನಲ್ಲಿ 300 ಮಿಲಿಆಂಪಿಯರ್. ಎರಡನ್ನೂ ಗುಣಿಸಿ ನೋಡಿದರೆ ಮೊದಲನೆಯದು 4.9 ವಾಟ್, ಎರಡನೆಯದು 4.8 ವಾಟ್. ಶಾಖ ಒಂದೇ, ಅದನ್ನು ಒದಗಿಸುವ ಬಗೆ ಮಾತ್ರ ಬೇರೆ.

ಆದರೆ ಎಲ್ಲ ಜೋಡಿಗಳೂ ಹೀಗೆ ಸರಳವಲ್ಲ. ಪಿಎಲ್ 84 ಎಂಬ ಒಳ್ಳೆಯ ಶಕ್ತಿವಾಲ್ವಿದೆ. ಹೆಸರನ್ನು ನೋಡಿ ಇದು ಪ್ರಸಿದ್ಧವಾದ ಇಎಲ್ 84ರ ಅವಳಿ ಎಂದು ಭಾವಿಸಿದವನು ಮೋಸಹೋಗುತ್ತಾನೆ. ಇದರ ನಿಜವಾದ ಅವಳಿ ಇಎಲ್ 86. ಇಎಲ್ 84ರ ಮಂಡಲಗಳಲ್ಲಿ ಪರದೆ ಜಾಲಕಕ್ಕೆ 250 ವೋಲ್ಟಿನವರೆಗೆ ಕೊಡುವುದು ವಾಡಿಕೆ; ಪಿಎಲ್ 84ಕ್ಕೆ 200ನ್ನು ಮೀರಕೂಡದು. ಮೀರಿದರೆ ಜಾಲಕ ಕೆಂಪಗೆ ಕಾದು ವಾಲ್ವು ನಾಶವಾಗುತ್ತದೆ. ಆದುದರಿಂದ ಹೆಸರನ್ನು ಓದಿದ ಮೇಲೆ ತಯಾರಕರ ಮಾಹಿತಿ ಪತ್ರವನ್ನೂ ಓದತಕ್ಕದ್ದು.

ಹಳೆಯ ಸೆಟ್ಟನ್ನು ಬಿಚ್ಚುವ ಮುನ್ನ

ಟೆಲಿವಿಷನ್ ತಯಾರಕರು 300 ಮಿಲಿಆಂಪಿಯರಿನ ಫಿಲಮೆಂಟನ್ನು ಏಕೆ ಆರಿಸಿಕೊಂಡರು? ಸೆಟ್ಟಿನಲ್ಲಿ ಹತ್ತಾರು ವಾಲ್ವುಗಳಿದ್ದರೆ ಅವುಗಳ ಫಿಲಮೆಂಟುಗಳನ್ನೆಲ್ಲ ಹೂವಿನ ಸರದಂತೆ ಒಂದರ ಹಿಂದೊಂದು ಪೋಣಿಸಿ ನೇರವಾಗಿ ಮನೆಯ ವಿದ್ಯುತ್ತಿಗೆ ಜೋಡಿಸಬಹುದು. ಸರದಲ್ಲಿ ಹರಿಯುವ ಪ್ರವಾಹ ಎಲ್ಲೆಡೆಯೂ ಒಂದೇ ಆದ್ದರಿಂದ ಎಲ್ಲ ವಾಲ್ವುಗಳೂ 300 ಮಿಲಿಆಂಪಿಯರಿನವೇ ಆಗಿರಬೇಕು. ಅವುಗಳ ವೋಲ್ಟುಗಳು ಮಾತ್ರ ಬೇರೆ ಬೇರೆ: ಪಿಸಿಎಲ್ 82ಕ್ಕೆ 16, ಪಿಎಲ್ 504ಕ್ಕೆ 27, ಪಿವೈ 88ಕ್ಕೆ 30. ಒಟ್ಟುಗೂಡಿಸಿ ಉಳಿದದ್ದನ್ನು ಒಂದು ರೋಧಕ ನುಂಗಿಕೊಳ್ಳುತ್ತದೆ. ಇದರಿಂದ ತೂಕದ, ಬೆಲೆಯುಳ್ಳ ಟ್ರಾನ್ಸ್‌ಫಾರ್ಮರು ಬೇಡವಾಯಿತು.

ಈ ಉಳಿತಾಯದ ಬೆಲೆಯನ್ನು ರಿಪೇರಿಗಾರರು ತೆತ್ತರು. ಇಂಥ ಸೆಟ್ಟುಗಳಲ್ಲಿ ಮನೆಯ ವಿದ್ಯುತ್ತಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಒಳಗಿನ ಲೋಹದ ಚಾಸಿಗೇ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದರೆ ಚಾಸಿಯೇ 230 ವೋಲ್ಟಿನ ಫೇಸ್ ತಂತಿಯಾಗುತ್ತದೆ! ಹೊರಗಿನ ಮರದ ಪೆಟ್ಟಿಗೆಯೂ ಪ್ಲಾಸ್ಟಿಕ್ ಗುಂಡಿಗಳೂ ನೋಡುಗರನ್ನು ಕಾಪಾಡುತ್ತಿದ್ದವು. ಹಿಂದಿನ ಮುಚ್ಚಳವನ್ನು ತೆಗೆದವನಿಗೆ ಆ ರಕ್ಷೆಯಿಲ್ಲ. ಹಳೆಯ ಸೆಟ್ಟಿನ ಮಂಡಲವನ್ನೇ ಹಾಗೆಯೇ ಉಳಿಸಿಕೊಂಡು ಅದಕ್ಕೆ ಮೊಬೈಲು ಫೋನಿನ ತಂತಿಯನ್ನು ಜೋಡಿಸಿ ಹಾಡು ಕೇಳೋಣವೆಂದು ಯಾರೂ ಎಣಿಸಕೂಡದು. ಫೋನಿನ ಲೋಹದ ಅಂಚಿಗೆ ಮನೆಯ ಮಿಂಚು ಬಂದು ನಿಂತೀತು. ಹಳೆಯ ಸೆಟ್ಟಿನಿಂದ ತೆಗೆದುಕೊಳ್ಳಬೇಕಾದುದು ವಾಲ್ವು ಮತ್ತು ಅದರ ಸಾಕೆಟ್ಟು ಮಾತ್ರ, ಮಂಡಲವನ್ನಲ್ಲ.

ಚಿತ್ರನಳಿಕೆಯದು ಬೇರೊಂದು ಅಪಾಯ. ಅದಕ್ಕೆ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಕೊಡುತ್ತಿದ್ದುದರಿಂದ ಸೆಟ್ಟನ್ನು ಆರಿಸಿದ ಬಹು ಹೊತ್ತಿನ ಮೇಲೂ ಅದರ ಗಾಜು ಆವೇಶವನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಅದರ ಕತ್ತು ಮುರಿದರೆ ಹೊರಗಿನ ಗಾಳಿಯ ಒತ್ತಡಕ್ಕೆ ನಳಿಕೆ ಒಳಕ್ಕೆ ಕುಸಿದು ಗಾಜಿನ ಚೂರುಗಳು ಸಿಡಿಯುತ್ತವೆ. ಗಾಜಿನಲ್ಲಿ ಸೀಸದ ಅಂಶವೂ ಉಂಟು. ಅದನ್ನು ಒಡೆದು ತಿಪ್ಪೆಗೆ ಎಸೆಯುವುದು ಮಣ್ಣಿಗೂ ನೀರಿಗೂ ಕೇಡು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಿಗನುಸಾರವಾಗಿ ನೋಂದಾಯಿತ ಮರುಸಂಸ್ಕರಣಕಾರರಿಗೆ ಅದನ್ನು ಒಪ್ಪಿಸುವುದೇ ಸರಿಯಾದ ಮಾರ್ಗ.

ಒಂದು ಚಿಕ್ಕ ಆಂಪ್ಲಿಫೈಯರು

ಈಗ ಎರಡು ಪಿಸಿಎಲ್ 82 ವಾಲ್ವುಗಳು ನಮ್ಮಲ್ಲಿವೆಯೆಂದು ಭಾವಿಸೋಣ. ಎಡ ಸ್ಪೀಕರಿಗೆ ಒಂದು, ಬಲ ಸ್ಪೀಕರಿಗೆ ಒಂದು. ಪ್ರತಿಯೊಂದರಲ್ಲೂ ಟ್ರಯೋಡ್ ಮೊದಲು ಸಂಕೇತವನ್ನು ದೊಡ್ಡದು ಮಾಡಿ ಪೆಂಟೋಡಿಗೆ ಕೊಡುತ್ತದೆ. ಪೆಂಟೋಡ್ ಅದನ್ನು ಸ್ಪೀಕರಿಗೆ ತಕ್ಕ ಶಕ್ತಿಯಾಗಿ ಮಾರ್ಪಡಿಸುತ್ತದೆ. ಹೀಗೆ ಒಂದೇ ವಾಲ್ವು ಒಂದು ಪೂರ್ಣ ಆಂಪ್ಲಿಫೈಯರಾಗುತ್ತದೆ.

ಮೊದಲು ಫಿಲಮೆಂಟಿನ ಪ್ರಶ್ನೆ. ನಾವು ಸರ ಪೋಣಿಸಬೇಕಾಗಿಲ್ಲ. ಪೇಟೆಯಲ್ಲಿ ಸುಲಭವಾಗಿ ಸಿಕ್ಕುವ 15 ವೋಲ್ಟು, 1 ಆಂಪಿಯರಿನ ಟ್ರಾನ್ಸ್‌ಫಾರ್ಮರನ್ನು ತಂದು ಎರಡೂ ಫಿಲಮೆಂಟುಗಳನ್ನು ಅದಕ್ಕೆ ಅಕ್ಕಪಕ್ಕ ಜೋಡಿಸಿದರಾಯಿತು. ಬೇಕಾದ ಒಟ್ಟು ಪ್ರವಾಹ 600 ಮಿಲಿಆಂಪಿಯರ್. ಪೂರ್ಣ ಹೊರೆ ಇಲ್ಲದಾಗ ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ನಮೂದಿಸಿದ್ದಕ್ಕಿಂತ ತುಸು ಏರುವುದರಿಂದ 16 ವೋಲ್ಟಿನ ಸಮೀಪಕ್ಕೇ ಬರುತ್ತದೆ. ಟೆಲಿವಿಷನ್ ವಾಲ್ವನ್ನು ಅಗ್ಗವಾಗಿಸಿದ ಸಮಸ್ಯೆ ಇಷ್ಟು ಸುಲಭವಾಗಿ ಬಗೆಹರಿಯುತ್ತದೆ! ಫಿಲಮೆಂಟಿನ ಒಂದು ತುದಿಯನ್ನು ಚಾಸಿಗೆ ಸೇರಿಸಬೇಕು. ಇಲ್ಲವಾದರೆ ಸ್ಪೀಕರಿನಲ್ಲಿ ಗುಂಯ್ಗುಡುವಿಕೆ ಹೆಚ್ಚು.

ಪ್ಲೇಟಿಗೆ ಬೇಕಾದ ವಿದ್ಯುತ್ತಿಗೆ ಇನ್ನೊಂದು ಟ್ರಾನ್ಸ್‌ಫಾರ್ಮರು ಬೇಕು. 165 ವೋಲ್ಟು, 200 ಮಿಲಿಆಂಪಿಯರಿನ ಸುತ್ತುಳ್ಳ ಟ್ರಾನ್ಸ್‌ಫಾರ್ಮರಿಗೆ ಡಯೋಡುಗಳ ಸೇತುವನ್ನೂ 100 ಮೈಕ್ರೋಫ್ಯಾರಡ್, 350 ವೋಲ್ಟಿನ ಹೊಸ ಕಂಡೆನ್ಸರನ್ನೂ ಜೋಡಿಸಿದರೆ ಸುಮಾರು 220 ವೋಲ್ಟಿನ ಏಕಮುಖ ವಿದ್ಯುತ್ತು ದೊರೆಯುತ್ತದೆ. ಇದರಲ್ಲಿ ಅಲ್ಲಲ್ಲಿ ಕಳೆಯುವುದನ್ನು ಬಿಟ್ಟು ಪೆಂಟೋಡಿನ ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 200 ವೋಲ್ಟಿಗೆ ಸಮೀಪ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಪ್ಲೇಟಿನಲ್ಲಿ 35 ಮಿಲಿಆಂಪಿಯರ್, ಪರದೆ ಜಾಲಕದಲ್ಲಿ 7 ಮಿಲಿಆಂಪಿಯರ್ ಹರಿದು ಸುಮಾರು 3.5 ವಾಟ್ ಧ್ವನಿಶಕ್ತಿ ದೊರೆಯುವುದೆಂದು ತಯಾರಕರ ಮಾಹಿತಿ ಪತ್ರ ಹೇಳುತ್ತದೆ.

ಪ್ರವಾಹ ಈ ಮಟ್ಟದಲ್ಲಿ ನಿಲ್ಲಲು ನಿಯಂತ್ರಕ ಜಾಲಕವು ಕ್ಯಾಥೋಡಿಗಿಂತ 16 ವೋಲ್ಟು ಋಣವಾಗಿರಬೇಕು. ಇದಕ್ಕಾಗಿ ಬೇರೆ ಬ್ಯಾಟರಿ ಬೇಡ. ಕ್ಯಾಥೋಡಿಗೂ ಚಾಸಿಗೂ ನಡುವೆ 390 ಓಮಿನ ರೋಧಕವನ್ನಿಟ್ಟರೆ, 42 ಮಿಲಿಆಂಪಿಯರ್ ಅದರಲ್ಲಿ ಹರಿದು ಕ್ಯಾಥೋಡನ್ನು ತಾನೇ 16 ವೋಲ್ಟಿನಷ್ಟು ಮೇಲಕ್ಕೆತ್ತುತ್ತದೆ. ಪ್ರವಾಹ ಹೆಚ್ಚಿದರೆ ಈ ವೋಲ್ಟೇಜು ಹೆಚ್ಚಿ ವಾಲ್ವನ್ನು ತಡೆಯುತ್ತದೆ, ಕಡಿಮೆಯಾದರೆ ಸಡಿಲಬಿಡುತ್ತದೆ. ವಾಲ್ವು ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುವ ಈ ಏರ್ಪಾಡು ಹಳೆಯ ವಾಲ್ವುಗಳಿಗೆ ಬಹಳ ಒಪ್ಪುತ್ತದೆ.

ಟ್ರಯೋಡಿನ ಪ್ಲೇಟಿಗೆ 220 ಕಿಲೋಓಮ್, ಕ್ಯಾಥೋಡಿಗೆ 2.7 ಕಿಲೋಓಮ್ ರೋಧಕಗಳನ್ನಿಟ್ಟರೆ ಅದು ಸಂಕೇತವನ್ನು ಸುಮಾರು 50 ಪಟ್ಟು ಹಿಗ್ಗಿಸುತ್ತದೆ. ಪೆಂಟೋಡಿನ ಜಾಲಕವನ್ನು 16 ವೋಲ್ಟಿನವರೆಗೆ ತೂಗಲು ಮೂರನೆಯ ಒಂದು ವೋಲ್ಟಿನಷ್ಟು ಸಂಕೇತ ಸಾಕು. ಮೊಬೈಲು ಫೋನು ಇದನ್ನು ಸುಲಭವಾಗಿ ಕೊಡುತ್ತದೆ. ಎರಡು ಹಂತಗಳ ನಡುವೆ 0.022 ಮೈಕ್ರೋಫ್ಯಾರಡಿನ, 400 ವೋಲ್ಟಿಗೆ ಕಡಿಮೆಯಿಲ್ಲದ ಕಂಡೆನ್ಸರನ್ನೂ ಪೆಂಟೋಡಿನ ಜಾಲಕದಿಂದ ಚಾಸಿಗೆ 470 ಕಿಲೋಓಮಿನ ರೋಧಕವನ್ನೂ ಇಡಬೇಕು. ಈ ಕಂಡೆನ್ಸರು ಹೊಸದೇ ಆಗಿರತಕ್ಕದ್ದು. ಹಳೆಯದು ಸೋರಿದರೆ ಜಾಲಕಕ್ಕೆ ಧನ ವೋಲ್ಟೇಜು ತಗುಲಿ, ಪ್ರವಾಹ ಮಿತಿಮೀರಿ, ಪ್ಲೇಟು ಕೆಂಪಾಗಿ ವಾಲ್ವು ಸಾಯುತ್ತದೆ. ಹಳೆಯ ವಾಲ್ವುಗಳನ್ನು ಕೊಂದದ್ದು ಹಲವು ವೇಳೆ ಅವುಗಳ ವೃದ್ಧಾಪ್ಯವಲ್ಲ, ನೆರೆಯ ಕಂಡೆನ್ಸರು.

ಸ್ಪೀಕರಿಗೂ ವಾಲ್ವಿಗೂ ಸಂಧಾನ

ಪೆಂಟೋಡಿನಿಂದ ಪೂರ್ಣ ಶಕ್ತಿಯನ್ನು ಪಡೆಯಲು ಅದರ ಮುಂದೆ 5600 ಓಮಿನ ಹೊರೆ ಇರಬೇಕು. ನಮ್ಮ ಸ್ಪೀಕರು 8 ಓಮಿನದು. ಒಂದು ಎತ್ತರದ ವೋಲ್ಟು, ಕಡಿಮೆ ಪ್ರವಾಹದ ಲೋಕ. ಇನ್ನೊಂದು ಕಡಿಮೆ ವೋಲ್ಟು, ಹೆಚ್ಚು ಪ್ರವಾಹದ ಲೋಕ. ಇವೆರಡರ ನಡುವೆ ಸಂಧಾನ ಮಾಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. 5600ನ್ನು 8ರಿಂದ ಭಾಗಿಸಿದರೆ 700; ಅದರ ವರ್ಗಮೂಲ ಸುಮಾರು 26.5. ಅಂದರೆ ವಾಲ್ವಿನ ಕಡೆ 26.5 ಸುತ್ತುಗಳಿಗೆ ಸ್ಪೀಕರಿನ ಕಡೆ ಒಂದು ಸುತ್ತು ಇರಬೇಕು.

ಇಲ್ಲೊಂದು ಸೂಕ್ಷ್ಮವಿದೆ. 230 ವೋಲ್ಟನ್ನು 9 ವೋಲ್ಟಿಗಿಳಿಸುವ ಸಾಮಾನ್ಯ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣವೂ ಇದಕ್ಕೆ ಸಮೀಪವೇ. ಅದನ್ನೇ ಏಕೆ ಬಳಸಬಾರದು? ವಾಲ್ವಿನ 35 ಮಿಲಿಆಂಪಿಯರ್ ಏಕಮುಖ ಪ್ರವಾಹ ಸದಾ ಅದರಲ್ಲಿ ಹರಿಯುತ್ತಿರುವುದರಿಂದ ಕಬ್ಬಿಣ ಒಂದೇ ದಿಕ್ಕಿಗೆ ಕಾಂತವಾಗಿ ತುಂಬಿಕೊಂಡುಬಿಡುತ್ತದೆ. ತಗ್ಗು ಸ್ವರಗಳು ಕೆಡುತ್ತವೆ. ಇದಕ್ಕೆ ಪರಿಹಾರವುಂಟು. ಸಾಮಾನ್ಯ ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣದ ತಗಡುಗಳನ್ನು ಒಂದು ಅತ್ತ ಒಂದು ಇತ್ತ ಹೆಣೆದಿರುತ್ತಾರೆ. ಅವನ್ನು ಬಿಚ್ಚಿ, ಮೂರು ಕಾಲಿನ ತಗಡುಗಳನ್ನೆಲ್ಲ ಒಂದೇ ಕಡೆಯಿಂದ ತುಂಬಿ, ಪಟ್ಟಿ ತಗಡುಗಳನ್ನೆಲ್ಲ ಇನ್ನೊಂದು ಕಡೆಗೆ ಒತ್ತಿ, ನಡುವೆ ಕಾಗದದ ಒಂದೆರಡು ತೆಳು ಪದರಗಳನ್ನಿಡಬೇಕು. ಈ ಕಿರು ಸಂದು ಕಾಂತತೆ ತುಂಬಿ ನಿಲ್ಲುವುದನ್ನು ತಡೆಯುತ್ತದೆ. ಹೀಗೆ ಮಾರ್ಪಡಿಸಿದ್ದು ಪರಿಪೂರ್ಣವಲ್ಲದಿದ್ದರೂ ಕಲಿಯುವವನಿಗೆ ಸಾಕು.

ಬೇಕಾದ ಟ್ರಾನ್ಸ್‌ಫಾರ್ಮರುಗಳನ್ನು ಸುತ್ತಿಸುವುದೂ ಈ ತಾಲ್ಲೂಕುಗಳಲ್ಲಿ ಕಷ್ಟವಲ್ಲ. ಮಳೆ ಕಡಿಮೆಯಾದ, ಬೇಸಾಯಕ್ಕೆ ಕೊಳವೆಬಾವಿಯನ್ನು ನೆಚ್ಚಿದ ಈ ಸೀಮೆಯಲ್ಲಿ ಸುಟ್ಟ ಮೋಟಾರುಗಳನ್ನು ಸುತ್ತಿಕೊಡುವವರಿದ್ದಾರೆ. ಸುತ್ತುಗಳನ್ನು ಎಣಿಸುವ, ಪದರಗಳ ನಡುವೆ ಕಾಗದವಿಟ್ಟು ಬೇರ್ಪಡಿಸುವ, ವಾರ್ನಿಷ್ ಹಾಕಿ ಒಣಗಿಸುವ ವಿದ್ಯೆ ಅವರಿಗೆ ಕರಗತ. ಒಂದೇ ಎಚ್ಚರಿಕೆ: ನೀರಿನಲ್ಲಿ ಮುಳುಗುವ ಮೋಟಾರಿಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ದಪ್ಪ ತಂತಿ ಇಲ್ಲಿಗೆ ಸಲ್ಲದು, ಎನಾಮೆಲ್ ಲೇಪದ ತೆಳು ತಾಮ್ರದ ತಂತಿಯೇ ಆಗಬೇಕು.

ಪ್ರಾಣರಕ್ಷಣೆಯ ಮಾತು

ಟ್ರಾನ್ಸ್‌ಫಾರ್ಮರು ಬಂದುದರಿಂದ ಚಾಸಿ ಮನೆಯ ವಿದ್ಯುತ್ತಿನಿಂದ ಬೇರ್ಪಟ್ಟಿತು. ಇನ್ನು ಅದನ್ನು ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಭೂಮಿಗೆ ಸೇರಿಸಬೇಕು. ಆ ಭೂಸಂಪರ್ಕ ನಿಜವಾಗಿ ಇದೆಯೆ ಎಂಬುದನ್ನೂ ನೋಡಬೇಕು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಡವರಿಗೆ ಈ ನಾಡಿನ ನೆಲ ಎಂಥದೆಂದು ಹೇಳಬೇಕಾಗಿಲ್ಲ. ಕಲ್ಲುನೆಲ, ಒಣ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೊಳ್ಳವು. ಭೂಸಂಪರ್ಕದ ಗುಂಡಿಗೆ ಇದ್ದಲು, ಉಪ್ಪು ತುಂಬಿ ಬೇಸಗೆಯಲ್ಲಿ ನೀರೆರೆಯುವ ಪದ್ಧತಿಗೆ ಇದೇ ಕಾರಣ.

ಮನೆಯಲ್ಲಿ ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಿದೆಯಾದ್ದರಿಂದ ಭಯವಿಲ್ಲವೆಂದು ಕೆಲವರು ಹೇಳುವುದುಂಟು. ಇದು ತಪ್ಪು ಭರವಸೆ. ಆ ಸ್ವಿಚ್ಚು ನೋಡುವುದು ಗೋಡೆಯಿಂದ ಹೋದ ಪ್ರವಾಹ ಗೋಡೆಗೆ ಮರಳಿತೆ ಎಂಬುದನ್ನು ಮಾತ್ರ. ಟ್ರಾನ್ಸ್‌ಫಾರ್ಮರಿನ ಆಚೆಯ 220 ವೋಲ್ಟು ಮನುಷ್ಯನ ಒಂದು ಕೈಯಿಂದ ಇನ್ನೊಂದು ಕೈಗೆ ಹರಿದರೆ ಅದು ಸ್ವಿಚ್ಚಿನ ಅರಿವಿಗೇ ಬಾರದು. ಆದ್ದರಿಂದ ವಿದ್ಯುತ್ತಿರುವಾಗ ಅಳತೆ ಮಾಡಬೇಕಾದರೆ ಒಂದು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, ಒಂದೇ ಕೈಯಿಂದ ಮಾಡತಕ್ಕದ್ದು. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈಯಿಡಬಾರದು. ಹುಡುಗರು ಬಲ್ಲವರೊಬ್ಬರ ಎದುರಿನಲ್ಲೇ ಮಾಡಬೇಕು.

ಪ್ಲಗ್ಗನ್ನು ಕಿತ್ತ ಮೇಲೂ ಕಂಡೆನ್ಸರು ಆವೇಶವನ್ನು ಉಳಿಸಿಕೊಂಡಿರುತ್ತದೆ. ಅದಕ್ಕೆ ಅಡ್ಡಲಾಗಿ 100 ಕಿಲೋಓಮ್, 2 ವಾಟಿನ ರೋಧಕವೊಂದನ್ನು ಶಾಶ್ವತವಾಗಿ ಬೆಸೆದಿರಬೇಕು. 100 ಮೈಕ್ರೋಫ್ಯಾರಡಿನ ಕಂಡೆನ್ಸರು ಇದರ ಮೂಲಕ ಪ್ರತಿ 10 ಸೆಕೆಂಡಿಗೆ ಮೂರನೆಯ ಎರಡು ಪಾಲಿನಷ್ಟು ಇಳಿಯುತ್ತ ಒಂದು ನಿಮಿಷದಲ್ಲಿ ಒಂದು ವೋಲ್ಟಿಗೂ ಕೆಳಗೆ ಬರುತ್ತದೆ. ಹಾಗಿದ್ದರೂ ಮೀಟರಿನಿಂದ ನೋಡದೆ ಮುಟ್ಟಕೂಡದು. ರೋಧಕದ ಬೆಸುಗೆಯೇ ಬಿಟ್ಟಿದ್ದರೆ?

ಪಿಎಲ್ 504ರಂಥ ದೊಡ್ಡ ವಾಲ್ವುಗಳ ತಲೆಯ ಮೇಲೆ ಲೋಹದ ಟೋಪಿಯೊಂದಿರುತ್ತದೆ. ಅದೇ ಅವುಗಳ ಪ್ಲೇಟು. ಹೆಚ್ಚಿನ ವೋಲ್ಟೇಜು ಬಯಲಿನಲ್ಲೇ ನಿಂತಿರುತ್ತದೆ. ಇವು ಬಹಳ ಶಕ್ತಿಶಾಲಿಯಾದ ಆಂಪ್ಲಿಫೈಯರುಗಳಿಗೆ ಒದಗುತ್ತವೆಯಾದರೂ ಹೊಸಬರು ಇವುಗಳಿಂದ ದೂರವಿರುವುದು ಲೇಸು.

ಹಳೆಯ ವಾಲ್ವಿನ ಪರೀಕ್ಷೆ

ಗುಜರಿಯ ವಾಲ್ವು ಜೀವಂತವಾಗಿದೆಯೆ ಎಂದು ತಿಳಿಯುವುದು ಹೇಗೆ? ಗಾಜಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಮ್ಮಿನ ಲೇಪವಿರುತ್ತದೆ. ಉಳಿದ ಅನಿಲವನ್ನು ಹೀರಲೆಂದು ಇಟ್ಟದ್ದು ಅದು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆಯೆಂದೇ ಅರ್ಥ, ಅಂಥದನ್ನು ಕೊಳ್ಳಬಾರದು. ಮುಂದೆ ಪಿಸಿಎಲ್ 82ರ 4 ಮತ್ತು 5ನೆಯ ಪಿನ್ನುಗಳ ನಡುವೆ ಮೀಟರನ್ನು ಹಿಡಿಯಬೇಕು. ಕಾದಾಗ ಸುಮಾರು 53 ಓಮ್ ಇರುವ ಫಿಲಮೆಂಟು ತಣ್ಣಗಿರುವಾಗ ಅದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಏನನ್ನೂ ತೋರಿಸದಿದ್ದರೆ ತಂತಿ ಕಡಿದಿದೆ.

ನಿಜವಾದ ಪರೀಕ್ಷೆ ಮಂಡಲದಲ್ಲೇ ನಡೆಯುತ್ತದೆ. ಐದು ನಿಮಿಷ ಕಾದ ಮೇಲೆ 390 ಓಮಿನ ರೋಧಕದ ಮೇಲಿನ ವೋಲ್ಟೇಜನ್ನು ಅಳೆಯಿರಿ. 16ಕ್ಕೆ ಸಮೀಪವಿದ್ದರೆ ವಾಲ್ವು ಸುಸ್ಥಿತಿಯಲ್ಲಿದೆ. 10 ವೋಲ್ಟಿದ್ದರೆ ಹರಿಯುವ ಪ್ರವಾಹ 26 ಮಿಲಿಆಂಪಿಯರ್ ಮಾತ್ರ. ಕ್ಯಾಥೋಡಿನ ಲೇಪ ಸವೆದಿದೆ. ವೋಲ್ಟೇಜು 16ನ್ನು ದಾಟಿ ಮೆಲ್ಲಮೆಲ್ಲನೆ ಏರುತ್ತಲೇ ಇದ್ದರೆ ತಕ್ಷಣ ಆರಿಸಿ ಕಂಡೆನ್ಸರನ್ನು ಸಂಶಯಿಸಬೇಕು. ಒಂದು ರೋಧಕ, ಒಂದು ಮೀಟರು, ಓಮನ ನಿಯಮ ಇಷ್ಟರಿಂದಲೇ ವಾಲ್ವಿನ ಆರೋಗ್ಯ ತಿಳಿಯುತ್ತದೆ.

ಇಷ್ಟು ಶ್ರಮ ಏಕೆ?

ಲೆಕ್ಕ ಹಾಕಿ ನೋಡೋಣ. ಎರಡು ವಾಲ್ವುಗಳ ಫಿಲಮೆಂಟಿಗೆ 9.6 ವಾಟ್, ಪ್ಲೇಟುಗಳಿಗೆ ಸುಮಾರು 19 ವಾಟ್; ದೊರೆಯುವ ಧ್ವನಿಶಕ್ತಿ ಎರಡೂ ಸೇರಿ 7 ವಾಟ್. ಕೊಟ್ಟದ್ದರಲ್ಲಿ ಕಾಲು ಪಾಲು ಮಾತ್ರ ಕೈಗೆ ಬಂದು ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಪೂರ್ಣ ಶಕ್ತಿಯಲ್ಲಿ ನಡೆಸಿದರೆ ಧ್ವನಿಯಲ್ಲಿ ವಿಕೃತಿಯೂ ಸಾಕಷ್ಟು. ಅಲ್ಪ ಬೆಲೆಯ ಸಿಲಿಕಾನ್ ಬಿಲ್ಲೆ ಇದಕ್ಕಿಂತ ಹೆಚ್ಚು ಶಕ್ತಿಯನ್ನು ಹೆಚ್ಚು ಶುದ್ಧವಾಗಿ ಕೊಡುತ್ತದೆ. 1947ರಲ್ಲಿ ಟ್ರಾನ್ಸಿಸ್ಟರನ್ನು ಹುಟ್ಟಿಸಿದ ಅರೆವಾಹಕ ವಿಜ್ಞಾನವೇ ಇಂದು ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದಲ್ಲಿ ಬಿಸಿಲನ್ನು ವಿದ್ಯುತ್ತಾಗಿಸುತ್ತಿದೆ. ವಾಲ್ವು ಸೋತದ್ದು ನ್ಯಾಯವಾಗಿಯೇ ಎಂದು ಒಪ್ಪಿಕೊಳ್ಳಬೇಕು.

ಆದರೂ ಸಿಲಿಕಾನ್ ಬಿಲ್ಲೆಯೊಳಗೆ ನಡೆಯುವುದು ಕಣ್ಣಿಗೆ ಕಾಣದು, ಕೆಟ್ಟರೆ ಬಿಚ್ಚಿ ನೋಡಲಾಗದು. ವಾಲ್ವಿನಲ್ಲಿ ಫಿಲಮೆಂಟು ಬೆಳಗುವುದು ಕಾಣುತ್ತದೆ, ಜಾಲಕದ ಸುತ್ತುಗಳನ್ನು ಎಣಿಸಬಹುದು, ಪ್ರತಿ ಪಿನ್ನಿನ ವೋಲ್ಟೇಜನ್ನು ಅಳೆದು ಪುಸ್ತಕದ ಲೆಕ್ಕದೊಡನೆ ಹೋಲಿಸಬಹುದು. ಪ್ರೌಢಶಾಲೆಯಲ್ಲಿ ಕಂಠಪಾಠ ಮಾಡಿದ ಓಮನ ನಿಯಮ ಇಲ್ಲಿ ಕೈಗೆ ಕೆಲಸ ಕೊಡುತ್ತದೆ. ಮನೆಯ ಹಜಾರಕ್ಕೆ ಮೂರು ವಾಟ್ ಧ್ವನಿ ಧಾರಾಳವಾಗಿ ಸಾಕು; ಒಳ್ಳೆಯ ಸ್ಪೀಕರಿದ್ದರೆ ನೆರೆಮನೆಗೂ ಕೇಳೀತು.

ಇನ್ನೊಂದು ಮಾತು. ವಾಲ್ವು ಸೆಟ್ಟುಗಳನ್ನು ಕೈಯಾರೆ ರಿಪೇರಿ ಮಾಡಿದ ಹಿರಿಯರ ಸಂಖ್ಯೆ ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಯಾವ ವಾಲ್ವಿಗೆ ಯಾವುದು ಬದಲಿ, ಯಾವ ಸೆಟ್ಟಿನ ಚಾಸಿ ಮುಟ್ಟಿದರೆ ಹೊಡೆಯುತ್ತದೆ ಎಂಬುದು ಅವರ ನೆನಪಿನಲ್ಲಿದೆ. ಅಂಥವರೊಬ್ಬರು ಊರಿನಲ್ಲಿದ್ದರೆ ಬೆಸುಗೆ ಕಡ್ಡಿಯನ್ನು ಹಿಡಿಯುವ ಮೊದಲು ಅವರನ್ನು ಕಾಣುವುದು ಒಳ್ಳೆಯದು. ಅವರಲ್ಲಿ ಹಳೆಯ ವಾಲ್ವುಗಳಿದ್ದು ಅವುಗಳನ್ನು ತರುವುದಾದರೆ ಗಾಜಿನ ಮೇಲಿನ ಅಕ್ಷರಗಳನ್ನು ಒರೆಸಬೇಡಿ. ಆ ಮಸಿ ಬೆರಳು ತಗುಲಿದರೂ ಅಳಿಸಿಹೋಗುವಷ್ಟು ದುರ್ಬಲ. ಹೆಸರಳಿದ ವಾಲ್ವಿಗೆ ಎಷ್ಟು ವೋಲ್ಟು ಕೊಡಬೇಕೆಂದು ಯಾರೂ ಹೇಳಲಾರರು. ಧೂಳನ್ನು ಒಣ ಬ್ರಷ್ಷಿನಿಂದ ತಳದ ಕಡೆ ಮಾತ್ರ ಕೊಡವಿ, ಮೊದಲು ಹೆಸರನ್ನು ಓದಿ, ಚೀಟಿಯಲ್ಲಿ ಬರೆದು, ಪ್ರತಿಯೊಂದು ವಾಲ್ವಿಗೂ ದಾರದಿಂದ ಕಟ್ಟಿಡಿ.